ಮಂಜಿನೊಳಗಿಂದ ಬಂದ ಹಗ್ಗ

ಹಾವ್ಸ್‌ವಾಲ ಎಂಬ ಹಳೆಯ ಮಾದರಿಯ ಹಾಯಿದೋಣಿ ಇಟ್ಟುಕೊಂಡ ನಮ್ಮಲ್ಲಿ ಒಂದು ಪದ್ಧತಿಯಿದೆ. ಇನ್ನೊಂದು ಹಾವ್ಸ್‌ವಾಲ ದೋಣಿಯವರು ಹಗ್ಗ ಎಸೆದರೆ, ಯಾರೆಂದು ಕೇಳದೆ ಪಕ್ಕಕ್ಕೆ ಕಟ್ಟಿಕೊಳ್ಳುತ್ತೇವೆ. ಅವರು ಹೇಳುವ ತನಕ ಬಿಚ್ಚುವುದಿಲ್ಲ.

ಆಗಸ್ಟ್‌ನ ಆ ಮಧ್ಯಾಹ್ನ ನಾನೂ ಗೆಳತಿ ಗುನ್‌ವೋರಳೂ ಕೊಲ್ಲಿಯಲ್ಲಿ ಲಂಗರು ಹಾಕಿ, ನಮ್ಮ ಎರಡು ದೋಣಿಗಳನ್ನು ಪಕ್ಕಪಕ್ಕ ಕಟ್ಟಿಕೊಂಡು ಗೆಳೆಯ ಟೋರ್ಕೆಲ್‌ಗಾಗಿ ಕಾಯುತ್ತಿದ್ದೆವು. ಮಂಜು ಕವಿದು, ಹತ್ತಿರದ ಬಂಡೆಯೂ ಕಾಣದಾಯಿತು.

"ಬಿಸಿಲಲ್ಲೇ ದಾರಿ ತಪ್ಪೋನು ಅವನು, ಮಾರಾಯ," ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆಗ ಮಂಜಿನೊಳಗಿಂದ ಹಗ್ಗವೊಂದು ಬಂದು ನನ್ನ ಎದೆಗೆ ಬಡಿಯಿತು.

"ಬಂದ್ಯಾ ಸೋಮಾರಿ!" ಗುನ್‌ವೋರ್ ಕೂಗಿದಳು. ಪದ್ಧತಿಯಂತೆ ನಾನು ಅದನ್ನು ನನ್ನ ದೋಣಿಗೆ ಕಟ್ಟಿದೆ. ಹಗ್ಗ ಅಂಗೈ ಮರಗಟ್ಟುವಷ್ಟು ತಣ್ಣಗಿತ್ತು. ಅದು ಬಿಗಿಯಾಯಿತು, ಆದರೆ ದೋಣಿಗೆ ದೋಣಿ ತಾಗುವ ಸದ್ದು ಕೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. "ನಾನಿನ್ನೂ ಮನೇಲಿದೀನಿ ಕಣೋ," ಎಂದ ಟೋರ್ಕೆಲ್. "ಈ ಮಂಜಲ್ಲಿ ಯಾವ ಹುಚ್ಚ ಹೊರಡ್ತಾನೆ?"

ಹಗ್ಗದ ಎಳೆತಕ್ಕೆ ನನ್ನ ದೋಣಿ ನಿಧಾನವಾಗಿ ಬಂಡೆಯ ಕಡೆಗೆ ಸರಿಯತೊಡಗಿತು. ಲಂಗರು ಜಾರುತ್ತಿತ್ತು.

"ಬಿಚ್ಚು! ಇಬ್ರ ದೋಣೀನೂ ಒಡೆಯುತ್ತೆ!" ಗುನ್‌ವೋರ್ ಕಿರುಚಿದಳು.

"ಆ ತುದೀಲಿ ಯಾರೋ ಕಷ್ಟದಲ್ಲಿದ್ರೆ?"

"ಇದ್ರೆ ಮಾತಾಡ್ಲಿ!"

"ಬಿಡ್ತಾ ಇದೀನಿ," ಎಂದು ನಾನು ಮಂಜಿಗೆ ಕೂಗಿ ಹೇಳಿದೆ. ಕಾದೆ. ಬಂಡೆಗೆ ಅಲೆ ಬಡಿಯುವುದು ಕೇಳಿಸಿದಾಗ ಬಿಚ್ಚಿದೆ.

ಹಗ್ಗ ನೀರಿಗೆ ಬೀಳಲಿಲ್ಲ. ಯಾರೋ ಒಂದೊಂದೇ ಕೈ ಬದಲಿಸಿ ಎಳೆದುಕೊಂಡಂತೆ, ತಡೆತಡೆದು ಮಂಜಿನೊಳಗೆ ಸರಿಯಿತು.

ಸ್ವಲ್ಪ ಹೊತ್ತಿಗೆ ಮಂಜು ಪೂರ್ತಿ ಹರಿಯಿತು. ಕೊಲ್ಲಿಯಲ್ಲಿ ನಮ್ಮ ಹೊರತು ಯಾವ ದೋಣಿಯೂ ಇರಲಿಲ್ಲ. ಒದ್ದೆ ಹಗ್ಗವನ್ನು ಎಳೆದುಕೊಳ್ಳುವ ಸದ್ದು ಮಾತ್ರ, ನಮ್ಮ ಪಕ್ಕದಲ್ಲೇ, ನಾವು ಲಂಗರು ಎತ್ತಿ ಹೊರಡುವವರೆಗೂ ಕೇಳುತ್ತಲೇ ಇತ್ತು.