ಕೊಯ್ಯಬಾರದ ಹೊಟ್ಟೆ

"ಏನಾದ್ರೂ ಮಾಡಿ ಡಾಕ್ಟ್ರೇ, ನನ್ನ ತಂಗಿ ಹೊಟ್ಟೆ ಮಾತ್ರ ಕೊಯ್ಬೇಡಿ. ನಮ್ಮನೆ ಹೆಣ್ಮಕ್ಕಳಿಗೆ ಮಾಟ ಆಗಿದೆ. ಅಮ್ಮ, ಚಿಕ್ಕಮ್ಮ ಇಬ್ರೂ ಹೊಟ್ಟೆ ಕೊಯ್ಸಿಕೊಂಡೇ ಹೋದ್ರು," ಎಂದಳು ಅಕ್ಕ.

ಹೊಸದಾಗಿ ಬಂದ ಸರ್ಜನ್ ನಕ್ಕ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಮಾಟಗಾರ ಬಂದ್ರೆ ಚೀಟಿ ಮಾಡಿಸ್ಕೊಂಡು ಹೊರಗೆ ಕೂರೋಕೆ ಹೇಳಿ."

ಮಂಚದ ಮೇಲೆ ತಂಗಿ ನುಲಿಯುತ್ತಿದ್ದಳು. ಬಟ್ಟೆ ಹೊಲಿಯುವವಳು, ನೋವಿಗೆ ಹಾಸಿಗೆಯ ಬಟ್ಟೆಯನ್ನೇ ಹರಿದಿದ್ದಳು. ಫಿನಾಯಿಲ್, ಬೆವರು, ಹುಳಿ ವಾಂತಿಯ ವಾಸನೆ ಕೋಣೆಯನ್ನು ಕಟ್ಟಿಹಾಕಿತ್ತು. ಸರ್ಜನ್ ಹೊಟ್ಟೆ ಒತ್ತಿ ನೋಡಿದ. ಅಷ್ಟು ನೋವಿಗೆ ಕಲ್ಲಿನಂತೆ ಬಿಗಿದಿರಬೇಕಾದದ್ದು ಮೆತ್ತಗಿತ್ತು. ಅಲ್ಲೇ ಅನುಮಾನ ಬರಬೇಕಿತ್ತು ಪುಣ್ಯಾತ್ಮನಿಗೆ. ಬರಲಿಲ್ಲ.

"ಕಿಟಕಿ ಹತ್ರ ಬಾಟಲೀಲಿ ಅವಳ ಮೂತ್ರ ಇಟ್ಟಿದೀನಿ. ಬಿಸಿಲು ಬಿದ್ರೆ ರಕ್ತ ಆಗತ್ತೆ. ಅದೇ ಮಾಟದ ಗುರುತು," ಎಂದಳು ಅಕ್ಕ.

"ನೀರು ಕುಡಿದಿಲ್ಲ, ಅಷ್ಟೆ. ಇದು ಅಪೆಂಡಿಕ್ಸ್. ಒಳಗೇ ಒಡೆದ್ರೆ ನೀವೇ ನನ್ನ ಕೊರಳಪಟ್ಟಿ ಹಿಡೀತೀರಿ."

ಆ ಮಾತಿಗೆ ಅಕ್ಕ ಸೋತಳು. ಸಹಿ ಹಾಕಿದಳು.

ಮತ್ತಿನ ಮದ್ದು ನರಕ್ಕಿಳಿಯಿತು. ಹೊಟ್ಟೆ ತೆರೆಯಿತು. ಕರುಳು ತೊಳೆದಿಟ್ಟ ಹಾಗಿತ್ತು. ಕೀವಿಲ್ಲ. ಗಂಟಿಲ್ಲ. ಏನೆಂದರೆ ಏನೂ ಇಲ್ಲ. ಸರ್ಜನ್ ತೆರೆದದ್ದನ್ನು ಹಾಗೇ ಹೊಲಿದ.

ಮರುದಿನ ಅವಳ ಕೈ ಏಳಲಿಲ್ಲ. ಆಮೇಲೆ ಕಾಲು. ಯಾರೋ ಒಳಗೆ ಕೂತು ಒಂದೊಂದೇ ದೀಪ ಆರಿಸುತ್ತಿದ್ದ ಹಾಗೆ. ಕಿರುಚಲು ಬಾಯಿ ತೆರೆದಳು. ದನಿಯಿಲ್ಲ. ಎದೆ ಏರಲಿಲ್ಲ. ಕಣ್ಣು ಮಾತ್ರ ಬದುಕಿತ್ತು. ಅದು ಸರ್ಜನ್ನನ್ನೇ ನೋಡುತ್ತಿತ್ತು.

ಗಂಟಲಿಗೆ ಕೊಳವೆ ಇಳಿಸಿ, ಉಸಿರಿನ ಯಂತ್ರಕ್ಕೆ ಹಾಕಿ, ಅಕ್ಕನ ಮಾತು ನೆನಪಾಗಿ ಅವನು ಕಿಟಕಿಗೆ ಓಡಿದ. ಬಾಟಲಿಯಲ್ಲಿ ಕಡುಗೆಂಪು.

"ಅಯ್ಯೋ, ಕೆಟ್ಟೆ!"

ಪಾರ್ಫೈರಿಯಾ. ಹೊಟ್ಟೆನೋವಿನ ವೇಷ ಹಾಕಿ ಬಂದು ನರ ಹಿಡಿಯುವ ಬೇರೆಯದೇ ರೋಗ. ಬಿಸಿಲಿಗೆ ಕೆಂಪಾಗುವ ಮೂತ್ರ ಅದರ ಗುರುತು, ಕೆಲವು ಮತ್ತಿನ ಮದ್ದು ಅದಕ್ಕೆ ವಿಷ. ಅಮ್ಮನನ್ನೂ ಚಿಕ್ಕಮ್ಮನನ್ನೂ ಕೊಂದದ್ದು ಚಾಕುವಲ್ಲ, ಮತ್ತಿನ ಮದ್ದು. ಅದನ್ನೇ ಇವನೂ ಕೊಡಿಸಿದ್ದ. "ಬಿಡಲ್ಲ ಇವಳನ್ನ," ಎಂದು ಹಲ್ಲು ಕಚ್ಚಿದ. ಗ್ಲೂಕೋಸ್ ಏರಿಸಿದ, ದೂರದಿಂದ ಔಷಧ ತರಿಸಿದ, ಮಂಚ ಬಿಟ್ಟು ಕದಲಲಿಲ್ಲ.

ತಂಗಿ ಬದುಕಿದಳು. ಆದರೆ ಬೆರಳುಗಳು ಸೂಜಿ ಹಿಡಿಯಲಿಲ್ಲ.

ಸರ್ಜನ್ ತಲೆ ತಗ್ಗಿಸಿ ಅಕ್ಕನೆದುರು ನಿಂತ. "ತಪ್ಪು ನಂದು. ಆದ್ರೆ ಇದು ಮಾಟ ಅಲ್ಲಮ್ಮ. ತಾಯಿಯಿಂದ ಮಕ್ಕಳಿಗೆ ಇಳಿದು ಬರೋ ಕಾಯಿಲೆ."

"ನಾವು ಅದನ್ನೇ ಮಾಟ ಅಂದಿದ್ದು."

ಅಕ್ಕ ಸ್ಟೂಲಿನ ಮೇಲೆ ಕುಸಿದಳು. ಎರಡೂ ಕೈಗಳು ಹೊಟ್ಟೆಯ ಮೇಲಿದ್ದವು. ಹಣೆ ತುಂಬ ಬೆವರು. ಕಣ್ಣಲ್ಲಿ ಹೆದರಿಕೆ ಇರಲಿಲ್ಲ.

"ಬೆಳಿಗ್ಗೆಯಿಂದ ನಂಗೂ ಶುರುವಾಗಿದೆ. ಹೆಸರು ಗೊತ್ತಾಯ್ತಲ್ಲ? ಈಗ ಕೊಯ್ಯದೆ ಬದುಕಿಸಿ, ನೋಡೇಬಿಡೋಣ."