ಭೀಮನಬೀಡಿನ ಇಟಲಿಯವನು

ಏಳು ಬೆಟ್ಟ ದಾಟಿ, ಏಳು ಹೊಳೆ ದಾಟಿ, ಉಪ್ಪುನೀರಿನ ಸಮುದ್ರವನ್ನೂ ದಾಟಿದರೆ ಇಟಲಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಒಬ್ಬಳು ಹೆಣ್ಣುಮಗಳು ಮನಸ್ಸು ಒಡೆದುಕೊಂಡು ಬಂದಳು. ಬಂದವಳು ಹೆಸರೇ ಗೊತ್ತಿಲ್ಲದ ಒಂದು ಸ್ಟೇಷನ್ನಿನಲ್ಲಿ ರೈಲು ಇಳಿದಳು. ಇಳಿದು ನೋಡಿದರೆ ಏನು, ಕಣ್ಣು ಹಾಯುವಷ್ಟು ದೂರ ಸೂರ್ಯಕಾಂತಿ.

"ಹೂಂ," ಅಂದ ದಿಲೀಪ.

ಸುಧಾಮಣಿ ಸಿನಿಮಾ ಕತೆ ಹೇಳುತ್ತಿದ್ದುದೇ ಹೀಗೆ. ಅವಳು ಫೋನಿನಲ್ಲಿ ನೋಡುತ್ತಿದ್ದವೆಲ್ಲ ಇಟಲಿಯಲ್ಲಿ ನಡೆಯುವ ಸಿನಿಮಾಗಳು. ನೊಂದ ಹೆಂಗಸೊಬ್ಬಳು ಅಲ್ಲಿಗೆ ಹೋಗುತ್ತಾಳೆ, ಯಾವುದೋ ಹಳೇ ಮನೆಗೆ ಸುಣ್ಣ ಬಳಿಯುತ್ತಾಳೆ, ಟೊಮೆಟೊ ಕೊಯ್ಯುತ್ತಾಳೆ, ಯಾರನ್ನೋ ಪ್ರೀತಿಸುತ್ತಾಳೆ, ಕೊನೆಗೆ ತಾನು ಯಾರು ಅನ್ನುವುದನ್ನು ಕಂಡುಕೊಳ್ಳುತ್ತಾಳೆ. ಆದರೆ ಸುಧಾಮಣಿಯ ಬಾಯಿಗೆ ಬರುವ ಹೊತ್ತಿಗೆ ಅವೆಲ್ಲ ಅಜ್ಜಿ ಚಿಕ್ಕಮಲ್ಲಮ್ಮನ ಕತೆಗಳ ಹಾಗೆ ಆಗಿಬಿಡುತ್ತಿದ್ದವು. ಅಜ್ಜಿಯ ಮಡಿಲಲ್ಲಿ ಬೆಳೆದ ನಾಲಿಗೆ, ಬೇರೆ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಕತೆಗಳ ಜೊತೆಗೆ ಅಜ್ಜಿಯ ಕಟ್ಟಳೆಗಳೂ ಬಂದಿದ್ದವು. ದೀಪ ಹಚ್ಚುವ ಮುಂಚೆ ಕತೆ ಹೇಳಬಾರದು, ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ. ಹೂಂಗುಟ್ಟುವವರಿಲ್ಲದೆ ಕತೆ ಶುರು ಮಾಡಬಾರದು. ಒಂದು ಕತೆಗೆ ಒಬ್ಬರೇ ಹೂಂಗುಟ್ಟಬೇಕು, ನಡುವೆ ಆಳು ಬದಲಾದರೆ ಕತೆ ಮುನಿಸಿಕೊಳ್ಳುತ್ತದೆ.

ಲಂಗ ಹಾಕುವ ವಯಸ್ಸಿನಿಂದಲೂ ಅವಳ ಕತೆಗಳಿಗೆ ಹೂಂಗುಟ್ಟುತ್ತಿದ್ದವನು ಎದುರು ಮನೆಯ ದಿಲೀಪ. ಈಗ ಅವಳು ಚಾಮರಾಜನಗರದಲ್ಲಿ ಬಿ.ಎಡ್. ಓದುತ್ತಾಳೆ, ಅವನು ಅಪ್ಪನ ಹೊಲ ನೋಡಿಕೊಳ್ಳುತ್ತಾನೆ. ಆದರೂ ವಾರದ ಕೊನೆಗೆ ಊರಿಗೆ ಬಂದಾಗಲೆಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಅವಳು ಜಗಲಿಯ ಈ ತುದಿಗೆ, ಅವನು ಆ ತುದಿಗೆ. ಬಾಗಿಲಲ್ಲಿ ಹುರುಳಿಕಾಳು ಆರಿಸುತ್ತ ಕೂತ ಅಜ್ಜಿಗೆ ಕಿವಿ ಮಂದ ಅಂತ ಇಬ್ಬರೂ ನಂಬಿದ್ದರು.

"ಅಲ್ಲಿಗೆ ಅವನು ಸ್ಕೂಟರಲ್ಲಿ ಬಂದ," ಅಂದಳು ಸುಧಾಮಣಿ.

"ಯಾರು?"

"ಇಟಲಿಯವನು."

"ಏನ್ ಕೆಲಸ ಅವಂಗೆ?"

"ಕೆಲಸ ಗಿಲಸ ಏನಿಲ್ಲ. ನೋಡ್ತಾನೆ."

"ನೋಡದೂ ಒಂದು ಕೆಲಸ್ವಾ?"

"ನೋಡೋಕೂ ಬರಬೇಕು ಕಣೋ. ಟೋಪಿ ಒಂಚೂರು ಹಿಂದಕ್ಕೆ ತಳ್ಳಿ, ಹಿಂಗೆ, ಅರ್ಧ ಕಣ್ಣಲ್ಲಿ..." ಅವಳು ಮಾಡಿ ತೋರಿಸಿದಳು. ದೀಪದ ಬೆಳಕು ಆ ಅರೆಮುಚ್ಚಿದ ರೆಪ್ಪೆಗಳ ಮೇಲೆ ಕೂತಿತು. ದಿಲೀಪನಿಗೆ ಹೂಂ ಅನ್ನುವುದೇ ಮರೆತುಹೋಯಿತು.

"ಹೂಂ ಅನ್ನು."

"ಹೊತ್ತು ಮೂಡ್ದಾಗಿಂದ ಸ್ಕೂಟರಲ್ಲಿ ಸುತ್ತುದ್ರೆ ಪೆಟ್ರೋಲ್ ಯಾರ್ ಹಾಕುಸ್ತಾರೆ ಅವಂಗೆ?"

"ಹೊಟ್ಟೆಕಿಚ್ಚು ನಿಂಗೆ."

"ಯಾವನ್ ಮೇಲೆ, ಸಿನಿಮಾದವನ ಮೇಲಾ? ಹೋಗಮ್ಮಿ." ಅಂದನೇನೋ ಸರಿ, ಅವನ ಕಿವಿಯ ತುದಿ ಕೆಂಪಾಗಿತ್ತು. "ಕೊನೆಗೇನಾಯ್ತು, ಅದ ಹೇಳು."

ಕೊನೆ ಬಂದಾಗಲೆಲ್ಲ ಸುಧಾಮಣಿ ಏನಾದರೂ ನೆಪ ತೆಗೆಯುತ್ತಿದ್ದಳು. ಸಿನಿಮಾದ ಕೊನೆ ಅವಳಿಗೆ ಗೊತ್ತಿತ್ತು. ಆ ಹೆಣ್ಣು ತನ್ನನ್ನು ತಾನು ಕಂಡುಕೊಂಡು, ಅವನ ಕೈ ಕುಲುಕಿ, ರೈಲು ಹತ್ತಿ ಹೋಗಿಬಿಡುತ್ತಾಳೆ. ಅದನ್ನು ಇವನ ಮುಖ ನೋಡುತ್ತ ಹೇಗೆ ಹೇಳುವುದು?

"ನಿಮ್ಮ ಹೊಲದ ಸೂರ್ಯಕಾಂತಿ ಪೂರ್ತಿ ಅರಳ್ಲಿ. ಆವತ್ತು ಹೇಳ್ತೀನಿ."

"ಮಾತು ಕೊಟ್ಯಾ?"

"ಕೊಟ್ಟೆ."

ಆಷಾಢದ ಮೋಡ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಿಂದ ಇಳಿಯದೆ ಕೂತಿದ್ದ ಒಂದು ಶನಿವಾರ, ಗುಂಡ್ಲುಪೇಟೆಯಿಂದ ಬಂದ ಬಸ್ಸಿನ ಕಿಟಕಿಯಲ್ಲಿ ದಿಲೀಪನ ಹೊಲ ಕಂಡಿತು. ಹೊಲವೆಲ್ಲ ಹಳದಿ. ಕೊಟ್ಟ ಮಾತು ಸುಧಾಮಣಿಗೆ ನೆನಪಾಯಿತು. ಇವತ್ತು ಸಂಜೆ ಹೇಳಲೇಬೇಕು.

ಆಮೇಲೆ ಕಂಡದ್ದು ಕೇರಳ ನಂಬರಿನ ಕಾರು. ಊಟಿ ರಸ್ತೆಯಲ್ಲಿ ಹೂ ಕಂಡಲ್ಲಿ ನಿಲ್ಲುವ ಕೇರಳದ ಕಾರುಗಳು ಹೊಸದಲ್ಲ. ಭೀಮನಬೀಡಿನ ತನಕ ಹುಡುಕಿಕೊಂಡು ಬಂದದ್ದು ಹೊಸದು.

ಬಸ್ ಇಳಿದು ಬದುವಿನ ಮೇಲೆ ಬಂದವಳು ಹಾಗೇ ನಿಂತಳು. ಹೂಗಳ ನಡುವೆ ಊರಿನ ಶಿವರಾಮಣ್ಣನ ಹಳೇ ಸ್ಕೂಟರು. ಸ್ಕೂಟರಿಗೆ ಒರಗಿ ಬಿಳಿ ಪ್ಯಾಂಟು, ಹುಲ್ಲಿನ ಟೋಪಿ ಹಾಕಿದ ಒಬ್ಬ ಇಟಲಿಯವನು. ಅವನ ಎದುರು ಗಿಡ್ಡ ಕೂದಲಿನ ಒಬ್ಬಳು ಹುಡುಗಿ ಎರಡೂ ಕೈ ಆಡಿಸುತ್ತ ಏನೋ ಕತೆ ಹೇಳುತ್ತಿದ್ದಾಳೆ. ಹಾಡಹಗಲು, ಯಾವ ಮನೆಯಲ್ಲೂ ದೀಪ ಹಚ್ಚಿಲ್ಲ. ಇಟಲಿಯವನು ತಲೆಯಾಡಿಸಿಕೊಂಡು ಅನ್ನುತ್ತಿದ್ದಾನೆ:

"ಹೂಂ... ಹೂಂ."

ಆ ದನಿ ಅವಳಿಗೆ ಗೊತ್ತಿಲ್ಲದ ದನಿಯೇ? ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಹುರಿದಂತಾಯಿತು.

ಇವಳನ್ನು ಕಂಡು ದಿಲೀಪ ಟೋಪಿಯನ್ನು ಒಂಚೂರು ಹಿಂದಕ್ಕೆ ತಳ್ಳಿದ. "ಬಾಮ್ಮಿ. ಇವ್ರು ಶಿಲ್ಜ ಅಂತ, ಸುಲ್ತಾನ್ ಬತ್ತೇರಿಯವ್ರು. ಮೈಸೂರಲ್ಲಿ ಓದವ್ರೆ. ಶಾರ್ಟ್ ಫಿಲಂ ತೆಗೀತಾವ್ರೆ. ಅದ್ಕೆ ಇಟಲಿ ಬೇಕಂತೆ."

"ಸಿಕ್ತಾ ಇಟಲಿ?"

"ಸಿಕ್ತಲ್ಲ, ನಮ್ಮ ಹೊಲ್ದಲ್ಲೇ."

"ದಿಲೀಪೇಟ್ಟಾ, ಟೋಪಿ ಜಾರ್ತಾ ಇದೆ," ಅನ್ನುತ್ತ ಶಿಲ್ಜ ತಾನೇ ಕೈ ಚಾಚಿ ಸರಿಮಾಡಿದಳು. ಏಟ್ಟ ಅಂದರೆ ಅಣ್ಣ. ಸುಧಾಮಣಿಗೆ ಅಷ್ಟು ಮಲಯಾಳ ಬರುತ್ತಿತ್ತು. ಅಲ್ಲಿಯ ಹೆಂಡತಿಯರು ಗಂಡನನ್ನೂ ಹಾಗೇ ಕರೆಯುತ್ತಾರೆ ಅನ್ನುವಷ್ಟೂ ಬರುತ್ತಿತ್ತು. ಟೋಪಿಯ ಅಂಚಿನಲ್ಲಿ ಆ ಬೆರಳುಗಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ನಿಂತವು ಅಂತಲೂ ಅವಳಿಗೆ ಅನಿಸಿತು. ಬೆನ್ನು ತಿರುಗಿಸಿ ಮನೆಗೆ ನಡೆದಳು.

"ಯಾಕ್ ಕೂಸು, ಮುಖ ಹಂಗದೆ?" ಅಂದಳು ಅಜ್ಜಿ.

"ಬಿಸಿಲು."

"ಮೋಡ ಮುಚ್ಕಂಡದೆ. ಎಲ್ಲಿ ಬಿಸಿಲು?"

ಸುಧಾಮಣಿ ಹುರುಳಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. "ಅಜ್ಜಿ, ನಮ್ಮ ಕತೆಗೆ ಹೂಂಗುಟ್ಟೋರು ಬೇರೆಯವರ ಕತೆಗೂ ಹೂಂಗುಟ್ಟಬಹುದಾ?"

ಅಜ್ಜಿ ವಿಭೂತಿಯ ಹಣೆ ಗಂಟಿಕ್ಕಿ ಯೋಚಿಸಿದಳು. "ನಿಮ್ಮ ತಾತ ಒಂದ್ಸಲ ಹಂಗ್ ಮಾಡುದ್ರು. ಪಕ್ಕದ್ ಮನೆಯೋಳ ಕತೆಗೆ."

"ನೀನೇನು ಮಾಡ್ದೆ?"

"ಉಪ್ಪಿಲ್ದ ಸಾರು ಬುಟ್ಟೆ."

"ತಾತ ಏನಂದ್ರು?"

"ಹೂಂ ಅಂದ್ಕಂಡು ಉಂಡ್ರು."

ಬೇರೆ ದಿನವಾಗಿದ್ದರೆ ಸುಧಾಮಣಿ ನಗುತ್ತಿದ್ದಳು. ಇವತ್ತು ಒಳ್ಳೆಯ ಕಾಳನ್ನೇ ಕಲ್ಲೆಂದು ಎತ್ತಿ ಎಸೆಯುತ್ತಿದ್ದಳು.

ದೀಪ ಹಚ್ಚಿದ ಮೇಲೆ ದಿಲೀಪ ಬಂದ. ಇನ್ನೂ ಅದೇ ಬಿಳಿ ಪ್ಯಾಂಟು, ಮಂಡಿಯಲ್ಲಿ ಮಣ್ಣು. ಜಗಲಿಯ ಆ ತುದಿಯಲ್ಲಿ ಕೂತು, "ಹೂ ಅರಳದೆ," ಅಂದ.

"ಯಾರಿಗೆ ಅರಳಿತೋ ಅವರ ಹತ್ರ ಕತೆ ಕೇಳು."

"ಏನಮ್ಮಿ ಹಂಗಂದ್ರೆ?"

"ಹಗಲೆಲ್ಲ ಹೂಂಗುಟ್ಟಿ ಗಂಟಲು ಒಣಗಿರ್ಬೇಕು. ನೀರು ಕುಡ್ದು ಹೋಗಿ ಮಲಕ್ಕೊ."

ಅವನು ತಬ್ಬಿಬ್ಬಾದ. ತಬ್ಬಿಬ್ಬಾದವನು ನಿಜ ಹೇಳಿದ, ಅದು ಇನ್ನೂ ಕೆಟ್ಟಿತು. "ಅವ್ರು ಹೇಳ್ತಿದ್ದುದು ನಿನ್ನ ಕತೇನೇ ಕಣಮ್ಮಿ. ನಾನೇ ಹೇಳಿದ್ದೆ. ಸರಿಯಾಗಿ ಕೇಳುಸ್ಕಂಡವ್ರಾ ಅಂತ ನೋಡ್ತಿದ್ದೆ."

"ನನ್ನ ಕತೆ ಅವಳಿಗೆ ಕೊಟ್ಟಾ?"

ಅವಳ ದನಿ ಸಣ್ಣದಾಗಿತ್ತು. ತಾನು ಉಟ್ಟು ಮಡಿಸಿಟ್ಟ ಸೀರೆಯನ್ನು ಹೇಳದೆ ಕೇಳದೆ ಇನ್ನೊಬ್ಬಳಿಗೆ ಉಡಿಸಿದಂತೆ ಅನಿಸಿತು. ಎದ್ದು ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಹೊರಗೆ ಅವನು ಬಹಳ ಹೊತ್ತು ಕೂತೇ ಇದ್ದ. ಬಾಗಿಲ ಈ ಕಡೆ ಅವಳೂ ನಿಂತೇ ಇದ್ದಳು.

ಮಾರನೇ ದಿನ ಭಾನುವಾರ. ಹೊಲದ ಕಡೆ ತಲೆಯನ್ನೂ ಹಾಕುವುದಿಲ್ಲ ಅಂದುಕೊಂಡವಳನ್ನು ಹೊಟ್ಟೆಕಿಚ್ಚೇ ಕೈ ಹಿಡಿದು ಎಳೆದುಕೊಂಡು ಹೋಯಿತು. ದಿಲೀಪ ಇರಲಿಲ್ಲ. ಶಿಲ್ಜ ಒಬ್ಬಳೇ ಬದುವಿನ ಮೇಲೆ ಕೂತು ಕ್ಯಾಮೆರಾ ಒರೆಸುತ್ತಿದ್ದಳು.

"ಸುಧಾಮಣಿ ಅಲ್ವಾ ಚೇಚಿ? ನಿನ್ನೆ ಮಾತಾಡೋ ಮುಂಚೆ ಹೋಗೇಬಿಟ್ರಿ. ನಾನು ಹುಡುಕ್ತಾ ಇರೋದೇ ನಿಮ್ಮನ್ನ."

"ನನ್ನನ್ನ ಯಾಕೆ?" ಚೇಚಿ ಅಂದರೆ ಅಕ್ಕ ಅನ್ನುವುದೂ ಸುಧಾಮಣಿಗೆ ಗೊತ್ತಿತ್ತು.

"ಹೋದ ವಾರ ಹೊಲ ನೋಡೋಕೆ ಬಂದಾಗ, ಇದು ಇಟಲಿ ಥರಾನೇ ಇದೆ ಅಂದೆ. ಅಷ್ಟಕ್ಕೇ ದಿಲೀಪೇಟ್ಟ ನಿಮ್ಮ ಕತೆ ಶುರು ಮಾಡಿದ್ರು. ಮಾತಿಗೊಂದ್ಸಲ 'ಸುಧಾ ಹಿಂಗಂತಾಳೆ, ಸುಧಾ ಹಂಗಂತಾಳೆ.'" ಶಿಲ್ಜ ಕ್ಯಾಮೆರಾ ಕೆಳಗಿಟ್ಟಳು. "ಚೇಚಿ, ಆ ಸಿನಿಮಾ ನಾನೂ ನೋಡಿದೀನಿ. ಅದರಲ್ಲಿ ನಿಮ್ಮ ಕತೆಯ ಬಾವಿ ಇಲ್ಲ."

"ಬಾವಿ ಇಲ್ವಾ?"

"ಬಾವಿಗೆ ಬಗ್ಗಿ ತನ್ನ ಹೆಸರು ತಾನೇ ಕೂಗಿ, ಉತ್ತರಕ್ಕೆ ಕಾಯೋ ಹೆಣ್ಣು ಇಲ್ಲ. ಎಲೆಅಡಿಕೆ ಹಾಕೋ ಮುದುಕಿ ಇಲ್ಲ. ಅದೆಲ್ಲ ನಿಮ್ಮದು. ನಾನು ಮಾಡಬೇಕು ಅಂತಿರೋದು ನಿಮ್ಮ ಕತೆ. ನೀವು ಬೇಡ ಅಂದ್ರೆ ವಾಪಸ್ ಹೋಗ್ತೀನಿ."

ಬಾವಿ ಅಜ್ಜಿಯ ಕತೆಯಿಂದ ಬಂದದ್ದು. ಅದಕ್ಕೆ ಬಗ್ಗಿ ಹೆಸರು ಕೂಗುವುದು? ಅದು ಎಲ್ಲಿಂದ ಬಂತು ಅಂತ ಹುಡುಕಿದರೆ ಕೊನೆಗೆ ಸಿಕ್ಕಿದ್ದು ತಾನೇ. ಇಷ್ಟು ದಿನ ಫೋನಿನೊಳಗಿನ ಹೆಂಗಸರು ಇಟಲಿಯಲ್ಲಿ ಹುಡುಕುತ್ತಿದ್ದುದು ತನ್ನ ಮನೆಯ ಜಗಲಿಯಲ್ಲೇ ಕೂತಿತ್ತಲ್ಲ ಅನಿಸಿತು.

"ಕೊನೆ ಮಾತ್ರ ಗೊತ್ತಿಲ್ಲ," ಅಂದಳು ಶಿಲ್ಜ. "ಸಿನಿಮಾದ ಕೊನೆ ನಾನೇ ಹೇಳ್ತೀನಿ ಅಂದೆ. ದಿಲೀಪೇಟ್ಟ ಎರಡೂ ಕಿವಿ ಮುಚ್ಚಿಕೊಂಡ್ರು. ಸುಧಾ ಬಾಯಲ್ಲಿ ಬಿಟ್ರೆ ಬೇರೆ ಯಾರ ಬಾಯಲ್ಲೂ ಕೇಳಲ್ವಂತೆ."

ಹುರಿದ ಮೆಣಸಿನಕಾಯಿಯ ಘಾಟು ಒಮ್ಮೆಗೇ ಇಳಿಯಿತು. ಆದರೂ ತಳದಲ್ಲಿ ಒಂದು ಚೂರು ಉಳಿದಿತ್ತು. "ಆ ಟೋಪಿ..."

"ಟೋಪಿ ನಮ್ಮ ಚಿಕ್ಕಪ್ಪನದು. ಬೆನ್ನು ಮಾತ್ರ ಶೂಟ್ ಮಾಡ್ತೀನಿ. ಮುಖ ಇಟಲಿ ಥರ ಇಲ್ಲ."

"ಮುಖಕ್ಕೆ ಏನಾಗಿದೆ?" ಅಂದಳು ಸುಧಾಮಣಿ ಚುರುಕಾಗಿ.

ಶಿಲ್ಜ ಅವಳನ್ನೇ ನೋಡಿ, ತುಟಿಯೊಳಗೆ ನಕ್ಕು, "ಏನೂ ಆಗಿಲ್ಲ ಚೇಚಿ," ಅಂದಳು. "ಕೊನೆ ನನಗೆ ನಾಳೆ ಹೇಳಿದ್ರೆ ಸಾಕು."

ಆ ಸಂಜೆ ದೀಪ ಹಚ್ಚಿದವಳು ತಾನೇ ಎದುರು ಮನೆಯ ಕಡೆಗೆ ಮುಖ ಮಾಡಿ ಕೆಮ್ಮಿದಳು. ದಿಲೀಪ ಬಂದ. ಲುಂಗಿ, ಹೆಗಲ ಮೇಲೆ ಟವೆಲು.

"ಟೋಪಿ ಎಲ್ಲಿ?"

"ವಾಪಸ್ ಕೊಟ್ಬುಟ್ಟೆ."

"ಹಾಕ್ಕೊಂಡಿದ್ದಾದ್ರೂ ಯಾಕೆ?"

ಅವನು ಟವೆಲಿನ ಅಂಚು ಸುತ್ತುತ್ತ ಕೂತ. "ಒಂದು ತಿಂಗ್ಳಿಂದ ಅವನ್ದೇ ಹೊಗಳಿಕೆ ನಿಂದು. ನಾನೂ ಒಂದ್ಸಲ ಇಟಲಿಯವನಾದ್ರೆ ನೋಡ್ತೀಯೇನೋ ಅಂತ ಒಪ್ಕಂಡೆ. ಅರ್ಧ ಕಣ್ಣಲ್ಲಿ ನೋಡದ ಕನ್ನಡಿ ಮುಂದೆ ಕಲ್ತಿದ್ದೆ. ನೀನು ಬಂದೆ, ಬೆನ್ನು ತೋರ್ಸಿ ಹೋಗ್ಬುಟ್ಟೆ."

"ಈಗ ಮಾಡು, ನೋಡನ."

ಮಾಡಿದ. ಕಣ್ಣಿಗೆ ದೂಳು ಬಿದ್ದವನ ಹಾಗಿತ್ತು. ಸುಧಾಮಣಿ ನಕ್ಕಳು. ಬಾಗಿಲಲ್ಲಿ ಅಜ್ಜಿ ಮೊರದ ಮೇಲೆ ಇನ್ನಷ್ಟು ಬಗ್ಗಿದಳು. ನಗು ಮುಗಿದಾಗ ಇಬ್ಬರ ನಡುವಿನ ಜಗಲಿ ಯಾಕೋ ಕಿರಿದಾಗಿತ್ತು.

"ಕೇಳು," ಅಂದಳು. "ಆ ಹೆಣ್ಣು ರೈಲು ಹತ್ತಿದಳು."

ದಿಲೀಪ ಟವೆಲಿನ ಅಂಚನ್ನು ಇನ್ನೂ ಬಿಗಿಯಾಗಿ ಸುತ್ತಿದ.

"ಹೂಂ ಅನ್ನು."

"ಅನ್ನಲ್ಲ."

"ಅನ್ನದಿದ್ರೆ ರೈಲು ಹೊರಡಲ್ಲ."

"ಹೊರಡದೇ ಬ್ಯಾಡ."

"ಅಲ್ಲಿಗೆ ಸಿನಿಮಾ ಮುಗೀತದೆ. ನನ್ನ ಕತೆ ಮುಗಿದಿಲ್ಲ. ಧೈರ್ಯ ಮಾಡಿ ಹೂಂ ಅನ್ನು."

"ಹೂಂ," ಅಂದ, ಕೇಳಿಸಿಯೂ ಕೇಳಿಸದ ಹಾಗೆ.

ರೈಲು ಹೊರಟಿತು. ಕಿಟಕಿಯಲ್ಲಿ ಕೂತವಳಿಗೆ ತನ್ನ ಹೆಸರು ಸಿಕ್ಕಿತ್ತು, ಬಾವಿಯೇ ಉತ್ತರ ಕೊಟ್ಟಿತ್ತು. ಆ ಸಂಗತಿಯನ್ನು ಯಾರಿಗಾದರೂ ಹೇಳೋಣ ಅಂತ ತಿರುಗಿದರೆ ಈ ಪಕ್ಕದವನಿಗೆ ನಿದ್ದೆ, ಆ ಪಕ್ಕದವಳಿಗೆ ನಿದ್ದೆ. ಹೇಳಿದಳು, ಗಾಳಿಗೆ ಹೋಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದಳು. ಹಳಿಯ ಪಕ್ಕದಲ್ಲೇ ನಡೆದು, ಹೂವಿನ ನಡುವೆ ನಡೆದು, ವಾಪಸ್ಸು ಬಂದಳು. ಬಂದು ನೋಡಿದರೆ ಸ್ಕೂಟರೂ ಇಲ್ಲ, ಟೋಪಿಯೂ ಇಲ್ಲ. ಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಅವನು ಹೊಲದಲ್ಲಿ ನಿಂತಿದ್ದ. ಅವಳು ಅವನನ್ನು ಒಂದೇ ಮಾತು ಕೇಳಿದಳು.

"ಏನಂತ?" ಅಂದ ದಿಲೀಪ.

ಸುಧಾಮಣಿ ಈ ಸಲ ಪೂರ್ತಿ ಕಣ್ಣು ತೆರೆದು ಅವನನ್ನು ನೋಡಿದಳು. "ನನ್ನ ಹತ್ರ ಇನ್ನೂ ಬೇಕಾದಷ್ಟು ಕತೆ ಅವೆ. ಹಲ್ಲು ಉದುರೋ ತನಕ ಹೇಳ್ತಾನೇ ಇರ್ತೀನಿ. ಎಲ್ಲಕ್ಕೂ ನೀನೇ ಹೂಂಗುಟ್ತೀಯಾ ಅಂತ."

ಬೀದಿಯಲ್ಲಿ ಯಾರದೋ ಬೈಕು ಹೋಯಿತು. ದೀಪ ಒಮ್ಮೆ ಬಾಗಿ ಎದ್ದಿತು. ದಿಲೀಪನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

ಬಾಗಿಲಲ್ಲಿ ಕೂತ ಕಿವಿ ಮಂದದ ಚಿಕ್ಕಮಲ್ಲಮ್ಮ ಮೊರ ಕೆಳಗಿಟ್ಟಳು. "ಅನ್ನಪ್ಪಾ ದಿಲೀಪ, ಕತೆ ಕಾಯ್ತಾ ಅದೆ. ನೀ ಅನ್ದಿದ್ರೆ ನಾನೇ ಅಂದ್ಬುಡ್ತೀನಿ."

"ಹೂಂ," ಅಂದ ದಿಲೀಪ.

ಕತೆ ಮುಗಿಯಿತು.