ಬೆನ್ನು ತಿರುಗಿಸಿ ನಿಂತವನು

ಮೂರು ಬೇಸಿಗೆ ನಾನು ವೆಂಡೆಲ್‌ನ ಕುತ್ತಿಗೆಯನ್ನಷ್ಟೇ ಪ್ರೀತಿಸಿದೆ. ಮುಖ ಕಾಣುತ್ತಿದ್ದುದು ಊಟದ ಬಿಡುವಿನಲ್ಲಿ ಮಾತ್ರ.

ಆಗಸ್ಟ್ ಬಂತೆಂದರೆ ನಮ್ಮ ಸರೋವರದ ಮೇಲಿನ ಗುಡ್ಡದಲ್ಲಿ, ಮಾಮೂಲಿ ಕಾರಿನಂತೆ ಕಾಣುವ ಸ್ಟಾಕ್ ಕಾರುಗಳ ರೇಸು. ಬೇರೆ ಊರುಗಳಂತೆ ದುಂಡನೆಯ ಟ್ರ್ಯಾಕ್ ಅಲ್ಲ, ಮರಗಳ ನಡುವೆ ಎಡಕ್ಕೂ ಬಲಕ್ಕೂ ಹೊರಳುವ ರಸ್ತೆ. ಪೂರ್ತಿ ರೇಸು ಯಾರಿಗೂ ಕಾಣದು. ಒಂದು ತಿರುವು ಆರಿಸಿಕೊಂಡು ಬೇಲಿ ಹಿಡಿದು ನಿಲ್ಲಬೇಕು. ಕಾರುಗಳು ಬಂದು ಎಂಟು ಸೆಕೆಂಡು ಎದೆ ನಡುಗಿಸಿ ಹೋಗುತ್ತವೆ. ಆಮೇಲೆ ಬರೀ ಸದ್ದು, ಆಮೇಲೆ ಅದೂ ಇಲ್ಲ. ಕಾಯುವುದನ್ನು ನಾನು ಕಲಿತದ್ದು ಅಲ್ಲೇ.

ನನ್ನದು ಆರನೇ ತಿರುವು. ಬೇಲಿಯಾಚೆ ಹತ್ತು ಹೆಜ್ಜೆಯಲ್ಲಿ ಬಿಳಿ ಬಟ್ಟೆಯ ವೆಂಡೆಲ್ ಬಾವುಟ ಹಿಡಿದು ನಿಲ್ಲುತ್ತಿದ್ದ. ಅಪಾಯವಿದ್ದರೆ ಹಳದಿ, ದಾರಿ ಸಲೀಸಾದರೆ ಹಸಿರು. ಬಾವುಟದವನು ಬರುವ ಕಾರುಗಳಿಗೆ ಬೆನ್ನು ಕೊಡುವಂತಿಲ್ಲ. ಹಾಗಾಗಿ ಆ ಬೆನ್ನೆಲ್ಲ ನನ್ನ ಪಾಲಿಗೆ. ಕಿವಿಯ ಹಿಂದೆ ಬಿಸಿಲಿಗೆ ಕೆಂಪಾದ ಜಾಗ, ಕಾಲರಿನ ಮೇಲೆ ಸುರುಳಿಯಾದ ಒಂದೇ ಒಂದು ಎಳೆ ಕೂದಲು.

"ಲೇ ಲೊರೇನ್, ರೇಸು ಆ ಕಡೆ ಕಣೇ!" ಗೆಳತಿ ಡಾಟ್ ಮೊಣಕೈಯಿಂದ ತಿವಿಯುತ್ತಿದ್ದಳು. "ಅವನ ಕುತ್ತಿಗೆ ಎಲ್ಲಿಗೂ ಓಡಿಹೋಗಲ್ಲ."

ಆ ಮೂರನೆಯ ವರ್ಷ ಓಡಿಹೋಗುವುದರಲ್ಲಿತ್ತು.

ಊಟದ ಬಿಡುವಿನಲ್ಲಿ ವೆಂಡೆಲ್ ಬೇಲಿಯ ಬಳಿ ಬಂದ. ಉಪ್ಪುನೀರಲ್ಲಿ ಬೇಯಿಸಿ ಬೆಣ್ಣೆ ಸುರಿದ ಪುಟ್ಟ ಆಲೂಗಡ್ಡೆಗಳ ಪೊಟ್ಟಣವನ್ನು ಮೇಲಿಂದ ಚಾಚಿದೆ. ಅವನು ತಿನ್ನಲಿಲ್ಲ.

"ಬೆಣ್ಣೆ ಕಮ್ಮಿ ಆಯ್ತೇನ್ರೀ?"

"ಬೆಣ್ಣೆ ಸರಿಯಾಗೇ ಇದೆ. ನಾನೇ ಸರಿಯಿಲ್ಲ." ಅವನು ಪೊಟ್ಟಣ ಕೈಗೆ ತೆಗೆದುಕೊಂಡ. "ಒಹಾಯೊದಲ್ಲಿ ಕೆಲಸ ಸಿಕ್ಕಿದೆ ಲೊರೇನ್. ಸೋಮವಾರ ಹೊರಡ್ತೀನಿ. ನೀವೂ ಬನ್ನಿ. ಮದುವೆ ಆಗೋಣ."

ನನಗಾಗ ಮೂವತ್ತೆಂಟು. ಹಗಲು ಹೋಟೆಲಿನಲ್ಲಿ ಮೊಟ್ಟೆ ಹುರಿಯುತ್ತಿದ್ದೆ. ಹದಿನಾಲ್ಕಕ್ಕೆ ಬಿಟ್ಟ ಶಾಲೆಯನ್ನು ಸಂಜೆಯ ತರಗತಿಯಲ್ಲಿ ಮತ್ತೆ ಹಿಡಿದಿದ್ದೆ. ಮುಂದಿನ ಜೂನ್‌ಗೆ ಸರ್ಟಿಫಿಕೇಟು. ಹೋಗಲೇ, ನಿಲ್ಲಲೇ?

ಬಾಯಿ ತೆರೆಯುವಷ್ಟರಲ್ಲಿ ಬಿಡುವು ಮುಗಿದ ಸೀಟಿ ಕೇಳಿತು.

"ರೇಸು ಮುಗಿದ್ಮೇಲೆ ತಿರುಗ್ತೀನಿ. ಆಗ ಹೇಳಿ."

"ಆ ಸದ್ದಲ್ಲಿ ಹೇಗ್ರೀ ಹೇಳೋದು?"

"ಹೇಗಾದ್ರೂ" ಎಂದು ನಕ್ಕು, ಆಲೂಗಡ್ಡೆಯೊಂದನ್ನು ಬಾಯಿಗೆ ಹಾಕಿಕೊಂಡು ಓಡಿದ.

ಕೊನೆಯ ಸುತ್ತಿಗೆ ನನ್ನ ನೆಚ್ಚಿನ ನೀಲಿ ಕಾರು ಮುಂದಿತ್ತು, ಕೆಂಪು ಕಾರು ಅದರ ಬಾಲಕ್ಕೇ ಅಂಟಿತ್ತು. ಅವಕ್ಕಿಂತ ಸ್ವಲ್ಪ ಮೊದಲು ಯಾವುದೋ ಹಿಂದುಳಿದ ಕಾರಿನ ಎಂಜಿನ್ ಒಡೆದು ನಮ್ಮ ತಿರುವಿನಲ್ಲಿ ಎಣ್ಣೆ ಚೆಲ್ಲಿತ್ತು. ವೆಂಡೆಲ್ ಹಳದಿ-ಕೆಂಪು ಪಟ್ಟೆಯ ಬಾವುಟ ಎತ್ತಿದ: ರಸ್ತೆ ಜಾರುತ್ತದೆ, ಹುಷಾರು.

ನೀಲಿ ಕಾರು ಕೇಳಲಿಲ್ಲ. ಜಾರಿತು. ಕೆಂಪು ಕಾರು ತಾಗಿತು. ನೀಲಿ ಗಿರ್ರನೆ ತಿರುಗಿ, ಹಿಂದುಮುಂದಾಗಿ, ನೇರ ವೆಂಡೆಲ್‌ನತ್ತ ಬಂತು.

"ಓಡ್ರೀ! ವೆಂಡೆಲ್, ಓಡ್ರೀ!"

ಅವನು ಓಡಲಿಲ್ಲ. ಹಿಂದೆ ಇನ್ನೂ ಹದಿನೈದು ಕಾರುಗಳು ಬರುತ್ತಿದ್ದವು. ಎರಡೂ ಕೈಯಲ್ಲಿ ಬಾವುಟ ಹಿಡಿದು ಬೀಸುತ್ತಲೇ ಇದ್ದ. ಕಾರು ಅವನ ಮುಂದೆ ಪೇರಿಸಿದ್ದ ಟೈರಿನ ಗೋಡೆಗೆ ಅಪ್ಪಳಿಸಿತು. ಧೂಳು. ಏನೂ ಕಾಣಲಿಲ್ಲ. ಬೇಲಿಯ ತಂತಿ ನನ್ನ ಬೆರಳು ಕೊಯ್ದದ್ದು ಗೊತ್ತಾದದ್ದು ಮನೆಗೆ ಹೋದಮೇಲೆ.

ಕೆಂಪು ಕಾರು ಹುಲ್ಲಿಗಿಳಿದಿತ್ತು. ಮೂರನೆಯದಾಗಿದ್ದ ಬಿಳಿ ಕಾರೊಂದು ಸಂದಿಯಲ್ಲಿ ನುಸುಳಿ ಗೆದ್ದುಬಿಟ್ಟಿತು. ಊರಿನವರು ಈಗಲೂ ಅದರ ಮಾತಾಡುತ್ತಾರೆ. ನನಗೆ ಅದರ ನಂಬರೂ ನೆನಪಿಲ್ಲ. ಧೂಳಿನೊಳಗಿಂದ ಮೊದಲು ಕಂಡದ್ದು ಬಾವುಟ. ಇನ್ನೂ ಆಡುತ್ತಿತ್ತು.

ನೀಲಿ ಕಾರಿನ ಚಾಲಕ ಹೊರಬಂದು ಕೈ ಬೀಸಿದ. ಆಗ ನನ್ನ ಉತ್ತರ ನನಗೆ ಸಿಕ್ಕಿತು. ಚೀಲದಿಂದ ಪಾಠದ ನೋಟ್‌ಬುಕ್ ತೆಗೆದು ದಪ್ಪ ಅಕ್ಷರದಲ್ಲಿ ಬರೆದೆ.

ರೇಸು ಮುಗಿದ ಮೇಲೆ ಕಾರುಗಳು ಮೆಲ್ಲಗೆ ಒಂದು ಸುತ್ತು ಬರುತ್ತವೆ. ಬಾವುಟದವರು ಎಲ್ಲ ಬಾವುಟಗಳನ್ನೂ ಒಟ್ಟಿಗೆ ಬೀಸಿ ಬೀಳ್ಕೊಡುತ್ತಾರೆ. ಕೊನೆಯ ಕಾರು ದಾಟಿದೊಡನೆ ವೆಂಡೆಲ್ ತಿರುಗಿದ. ಮುಖದ ತುಂಬ ಬೂದು ಧೂಳು, ನಡುವೆ ಎರಡು ಕಣ್ಣು. ಹಾಳೆಯನ್ನು ಬೇಲಿಗೆ ಒತ್ತಿ ಹಿಡಿದೆ.

"ಜೂನ್‌ವರೆಗೆ ಕಾಯುತ್ತೀರಾ? ನಾನೂ ನನ್ನ ಜಾಗ ಬಿಟ್ಟು ಓಡಲಾರೆ."

ಎರಡು ಸಲ ಓದಿದ. ಎಂಜಿನ್‌ಗಳ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ. ಬಾವುಟಗಳನ್ನೆಲ್ಲ ಕೆಳಗಿಟ್ಟ. ಒಂದನ್ನು ಮಾತ್ರ ಎತ್ತಿದ.

ಹಸಿರು.

"ನಿನ್ನ ಕಣ್ಣಿಗೆ ಧೂಳು ಬಿತ್ತೇನೇ?" ಎಂದಳು ಡಾಟ್. ಹೌದೆಂದೆ.

ಆಮೇಲೆ ಸದ್ದೂ ಇಲ್ಲದ ಸುತ್ತು. ಅದು ಹತ್ತು ತಿಂಗಳು ನಡೆಯಿತು. ವೆಂಡೆಲ್ ಪತ್ರ ಬರೆಯುವ ಜಾತಿಯಲ್ಲ. ಹಿಮ ಬಿದ್ದಾಗ ಒಂದೇ ಒಂದು ಕಾರ್ಡು ಬಂತು. "ಇಲ್ಲಿ ಚಳಿ. ನಿಮ್ಮ ಬೆಣ್ಣೆ ನೆನಪಾಗುತ್ತೆ." ಅದನ್ನು ಗಣಿತದ ಪುಸ್ತಕದಲ್ಲಿಟ್ಟುಕೊಂಡು ಚಳಿಗಾಲ ಕಳೆದೆ. ಹೋಟೆಲಿನ ಬಾಗಿಲು ತೆರೆದಾಗೆಲ್ಲ ಮೊಟ್ಟೆ ಸೀಯುತ್ತಿತ್ತು.

ಜೂನ್. ಶಾಲೆಯ ಸಭಾಂಗಣದ ಮುಂದಿನ ಸಾಲಿನಲ್ಲಿ ನಾವು ಹನ್ನೊಂದು ಜನ. ಹೆಸರು ಕರೆಯುವವರೆಗೂ ಯಾರೂ ಹಿಂದೆ ತಿರುಗಬಾರದೆಂದು ಟೀಚರ್ ಎಚ್ಚರಿಸಿದ್ದರು.

ಹಿಂದೆ ಬಾಗಿಲು ಕಿರುಗುಟ್ಟಿತು. ಹೆಜ್ಜೆ ಸದ್ದು. ಕುರ್ಚಿ ಎಳೆದ ಸದ್ದು. ನನ್ನ ಕುತ್ತಿಗೆ ಬೆಚ್ಚಗಾಗತೊಡಗಿತು, ಬಿಸಿಲು ಬಿದ್ದಂತೆ.

ತಿರುಗಲಿಲ್ಲ.

ಹೆಸರು ಕರೆದರು. ಮೆಟ್ಟಿಲು ಹತ್ತಿದೆ. ಸರ್ಟಿಫಿಕೇಟು ಕೈಗೆ ಬಂದ ಮೇಲೆ, ಆಗಷ್ಟೇ, ತಿರುಗಿದೆ.

ಕೊನೆಯ ಸಾಲಿನಲ್ಲಿ ಹಸಿರು ಬಟ್ಟೆಯೊಂದು ಆಡುತ್ತಿತ್ತು.